ಆ ಹಳೆ ಸರ್ವರ್ ಕೊಳ್ಳಬೇಡ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ಅಪ್ಪ, ಅಮ್ಮ ಆರೋಗ್ಯವಾಗಿದ್ದಾರೆ ಅಂತ ಓದಿ ಸಮಾಧಾನವಾಯಿತು. ಗೇಮ್ ಸರ್ವರ್ ಬಾಡಿಗೆಗೆ ಕೊಡುವ ವ್ಯಾಪಾರ ಶುರು ಮಾಡ್ತೀನಿ ಅಂತ ಬರೆದಿದ್ದೀಯ. ನಿಜವಾಗಿಯೂ ಖುಷಿಯಾಯಿತು. ಆದರೆ ಅಪ್ಪ ಕೂಡಿಟ್ಟ ಹಣದಲ್ಲಿ ಆ ಹಳೆ ಮೆಷಿನ್ ತಗೋತೀನಿ ಅಂದಿದ್ದೀಯಲ್ಲ, ಅದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ. ಮುಂಗಡ ಕೊಟ್ಟಿಲ್ಲ ತಾನೇ? ಕೊಡಬೇಡ.

ನಿನಗೆ ಯಾಕೆ ಆಸೆಯಾಯಿತು ಅಂತ ಗೊತ್ತು. ಎರಡು ಝಿಯಾನ್ ಇ5-2680 ವಿ2 ಪ್ರೊಸೆಸರ್, ಒಟ್ಟು 40 ಥ್ರೆಡ್ (ಒಟ್ಟಿಗೆ ಓಡಬಲ್ಲ ಕೆಲಸದ ಸಾಲುಗಳು), 256 ಜಿಬಿ ರ್‍ಯಾಮ್. ಕಾಗದದ ಮೇಲೆ ಆನೆಯ ಹಾಗೆ ಕಾಣುತ್ತದೆ. ಆದರೆ ಅದು 2013ರ ಚಿಪ್. ಟರ್ಬೋದಲ್ಲೂ, ಅಂದರೆ ಅತಿ ವೇಗದಲ್ಲೂ, ಒಂದು ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಒಂದು ಘಟಕ) 3.6 ಗಿಗಾಹರ್ಟ್ಸ್ ದಾಟುವುದಿಲ್ಲ. ನಿನ್ನ ವ್ಯಾಪಾರ ನಿಲ್ಲುವುದು ಆ ಒಂದು ಕೋರಿನ ಮೇಲೆ.

ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಸೆಕೆಂಡಿಗೆ 20 ಟಿಕ್ (ಆಟದ ಜಗತ್ತಿನ ಲೆಕ್ಕದ ಒಂದೊಂದು ಸುತ್ತು) ಓಡಬೇಕು. ಅಂದರೆ ಒಂದು ಟಿಕ್‌ಗೆ 50 ಮಿಲಿಸೆಕೆಂಡ್. ಅಷ್ಟರಲ್ಲಿ ಪ್ರಾಣಿಗಳು ಓಡಾಡಬೇಕು, ಬೆಳೆ ಬೆಳೆಯಬೇಕು, ರೆಡ್‌ಸ್ಟೋನ್ (ಆಟದೊಳಗಿನ ವಿದ್ಯುತ್ ಸರ್ಕ್ಯೂಟ್) ಲೆಕ್ಕ ಮುಗಿಯಬೇಕು. ಈ ಕೆಲಸದ ಬಹುಪಾಲು ಒಂದೇ ಥ್ರೆಡ್‌ನಲ್ಲಿ ನಡೆಯುತ್ತದೆ. ಅದು 50 ದಾಟಿತೋ, ಇಡೀ ಜಗತ್ತೇ ನಿಧಾನವಾಗುತ್ತದೆ. ಒಡೆದ ಇಟ್ಟಿಗೆ ಮತ್ತೆ ಎದ್ದು ಬರುತ್ತದೆ, ಪೆಟ್ಟಿಗೆ ತಡವಾಗಿ ತೆರೆಯುತ್ತದೆ. ಪಕ್ಕದ ಕೋರ್‌ಗಳು ಸುಮ್ನೆ ಕೂತಿರುತ್ತವೆ. ನೆರವಿಗೆ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದೇ ಮೆಷಿನ್ ನನ್ನ ಕೈಯಲ್ಲಿತ್ತು. ಹಗಲು ಎಲ್ಲ ಸರಿ. ಸಂಜೆ ಎಲ್ಲರೂ ಒಟ್ಟಿಗೆ ಆಡಲು ಬಂದಾಗ ದೂರು ಬರುತ್ತಿದ್ದವು. ನಾನು ಒಟ್ಟು ಸಿಪಿಯು ಗ್ರಾಫ್ ನೋಡುತ್ತಿದ್ದೆ. ಅದರಲ್ಲಿ ಬೇಕಾದಷ್ಟು ಜಾಗ ಖಾಲಿ ಕಾಣುತ್ತಿತ್ತು. "ನಮ್ಮ ಕಡೆ ತೊಂದರೆ ಇಲ್ಲ" ಅಂತ ಉತ್ತರ ಬರೆದೆ, ಒಂದಲ್ಲ, ಹತ್ತಾರು ಜನಕ್ಕೆ. ಅವರು ಹೇಳಿದ್ದೇ ನಿಜವಾಗಿತ್ತು. ಇವತ್ತಿಗೂ ಆ ಉತ್ತರಗಳು ನೆನಪಾದರೆ ಸಂಕಟವಾಗುತ್ತದೆ. ಈಗ ದೂರು ಬಂದ ಕೂಡಲೇ ಮೊದಲು ನೋಡುವುದು ಎಂಎಸ್‌ಪಿಟಿ, ಅಂದರೆ ಒಂದು ಟಿಕ್‌ಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬ ಲೆಕ್ಕ.

ಹಾಗಾಗಿ ರೈಜೆನ್ 9 7950ಎಕ್ಸ್ ಪ್ರೊಸೆಸರ್ ತರಹದ್ದು ನೋಡು. 16 ಕೋರ್ ಅಷ್ಟೇ, ಆದರೆ ಒಂದು ಕೋರ್ 5.7 ಗಿಗಾಹರ್ಟ್ಸ್ ತನಕ ಏರುತ್ತದೆ. ಎಲ್ಲ ಕೋರ್ ದುಡಿಯುವಾಗ ಅಷ್ಟು ವೇಗ ಸಿಗುವುದಿಲ್ಲ, ಅದಕ್ಕೇ ತುಂಬಾ ಗಿರಾಕಿಗಳನ್ನು ಒಂದರಲ್ಲಿ ತುರುಕಬೇಡ. ಡಿಸ್ಕ್ ಎರಡು ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಇರಲಿ, ಒಂದರ ಪ್ರತಿ ಇನ್ನೊಂದರಲ್ಲಿ. ರ್‍ಯಾಮ್ ಇಸಿಸಿ (ಮೆಮೊರಿಯ ತಪ್ಪು ತಾನೇ ತಿದ್ದುವಂಥದ್ದು) ಆದರೆ ಒಳ್ಳೆಯದು. ಇನ್ನೊಂದು ಮಾತು: 8 ಜಿಬಿ ಪ್ಲಾನ್ ಮಾರಿದರೆ ಜಾವಾ ಹೀಪ್‌ಗೆ (ಆಟದ ಡೇಟಾ ಇಡುವ ಮೆಮೊರಿಗೆ) ಪೂರ್ತಿ 8 ಕೊಡಬೇಡ. ಜಾವಾಗೆ ಹೀಪ್‌ನ ಹೊರಗೂ ಮೆಮೊರಿ ಬೇಕು. ಕಂಟೇನರಿನ (ಒಬ್ಬೊಬ್ಬ ಗಿರಾಕಿಯ ಸರ್ವರ್ ಬೇರೆಯಾಗಿ ಓಡುವ ಡಬ್ಬಿಯ) ಮಿತಿ ಮೀರಿದರೆ ಆಟದ ಮಧ್ಯದಲ್ಲೇ ಲಿನಕ್ಸ್ ಅದನ್ನು ಕೊಂದುಬಿಡುತ್ತದೆ. ಕಂಟೇನರ್‌ಗಳನ್ನು ನಡೆಸಲು ಟೆರೊಡ್ಯಾಕ್ಟಿಲ್ ಪ್ಯಾನೆಲ್ ಸಾಕು. ಅದು ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ.

ಆದರೆ ಇದನ್ನೂ ಕೊಳ್ಳಬೇಡ. ತಿಂಗಳ ಬಾಡಿಗೆಗೆ ಡೆಡಿಕೇಟೆಡ್ ಸರ್ವರ್, ಅಂದರೆ ಪೂರ್ತಿ ನಿನಗೇ ಮೀಸಲಾದ ಮೆಷಿನ್, ತಗೋ. ನಿನ್ನ ಗಿರಾಕಿಗಳು ಏನು ಆಡುತ್ತಾರೆ ಅಂತ ಇನ್ನೂ ಗೊತ್ತಿಲ್ಲ ಅಲ್ವಾ? ರಸ್ಟ್, ಆರ್ಕ್ ಆಟಗಳು ಮೆಮೊರಿ ನುಂಗುತ್ತವೆ. ಫ್ಯಾಕ್ಟೋರಿಯೋ ಸೆಕೆಂಡಿಗೆ 60 ಸಲ ಲೆಕ್ಕ ಮಾಡುತ್ತದೆ, ಅದಕ್ಕೆ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ದೊಡ್ಡದಿರುವ ಚಿಪ್ ಒಳ್ಳೆಯದು. ಬಾಡಿಗೆಯದಾದರೆ ಬದಲಿಸಬಹುದು. ಅಗ್ಗ ಅಂತ ವಿಪಿಎಸ್ (ಒಂದೇ ಮೆಷಿನ್ನನ್ನು ಹಲವರಿಗೆ ಭಾಗ ಮಾಡಿ ಕೊಡುವುದು) ಕಡೆ ಹೋಗಬೇಡ. ಅಲ್ಲಿ ಕೋರ್ ಹಂಚಿಕೊಂಡಿರುತ್ತಾರೆ. ಪಕ್ಕದವನು ಜಾಸ್ತಿ ಎಳೆದರೆ ನಿನ್ನ ಟಿಕ್ ಹೋಯಿತು.

ಸರ್ವರ್ ಇರುವ ಜಾಗ ಆರಿಸುವಾಗ ಆಟಗಾರರಿಂದ ಎಷ್ಟು ದೂರ ಅಂತ ನೋಡು. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. 1000 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು 10 ಮಿಲಿಸೆಕೆಂಡ್. ಇದಕ್ಕಿಂತ ಕಡಿಮೆ ಮಾಡಲು ಯಾರಿಂದಲೂ ಆಗದು, ದಾರಿ ಸುತ್ತಾದಷ್ಟೂ ಇನ್ನೂ ಜಾಸ್ತಿ. ಒಪ್ಪಂದಕ್ಕೆ ಮೊದಲು ಪರೀಕ್ಷೆಗೆ ಒಂದು ಐಪಿ ವಿಳಾಸ ಕೇಳು. ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಇರುವ ಗೆಳೆಯರಿಂದ ಸಂಜೆ ಹೊತ್ತು ಪಿಂಗ್ ಮಾಡಿಸು, ಅಂದರೆ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆಸು.

ದಾಳಿಯ ವಿಷಯ ನೀನು ಬರೆದೇ ಇಲ್ಲ, ನನಗೆ ಹೆಚ್ಚು ಭಯ ಇರುವುದು ಅದರದ್ದೇ. ಸೋತವನು ಸಿಟ್ಟಿಗೆ ಡಿಡಾಸ್ (ಸುಳ್ಳು ಟ್ರಾಫಿಕ್ ಸುರಿದು ಸರ್ವರ್ ಮುಳುಗಿಸುವುದು) ಮಾಡಿಸುತ್ತಾನೆ, ಪೈಪೋಟಿಯವನು ಗಿರಾಕಿ ಕೀಳಲು ಮಾಡಿಸುತ್ತಾನೆ. 2016ರಲ್ಲಿ ಹೆಸರಾದ ಮಿರಾಯ್ ಬಾಟ್‌ನೆಟ್ಟಿನ (ವೈರಸ್ ಹಿಡಿದ ಸಾಧನಗಳ ಸೇನೆಯ) ಹಿಂದೆ ಮೈನ್‌ಕ್ರಾಫ್ಟ್ ಸರ್ವರ್‌ಗಳ ಪೈಪೋಟಿಯೂ ಇತ್ತು. ಗೇಮ್‌ಗಳು ಹೆಚ್ಚಾಗಿ ಯುಡಿಪಿ (ಉತ್ತರಕ್ಕೆ ಕಾಯದೆ ಡೇಟಾ ಕಳಿಸುವ ರೀತಿ) ಬಳಸುತ್ತವೆ. ಅದಕ್ಕೆ ವೆಬ್‌ಸೈಟ್ ಕಾಯುವ ಸಾಮಾನ್ಯ ರಕ್ಷಣೆ ಸಾಲದು. ಸರ್ವರ್ ಕೊಡುವವರನ್ನು ನೇರವಾಗಿ ಕೇಳು: ದಾಳಿ ಬಂದರೆ ಕೆಟ್ಟ ಟ್ರಾಫಿಕ್ ಸೋಸುತ್ತೀರಾ, ಇಲ್ಲ ನನ್ನ ಐಪಿಯನ್ನೇ ಮುಚ್ಚುತ್ತೀರಾ? ಮುಚ್ಚುತ್ತೇವೆ ಅಂದರೆ ಬಿಟ್ಟುಬಿಡು. ಮುಚ್ಚಿದರೆ ದಾಳಿ ಮಾಡಿದವನಿಗೆ ಬೇಕಾದ್ದು ಸಿಕ್ಕ ಹಾಗೇ.

ಬ್ಯಾಕಪ್ ಬೇರೆ ಕಟ್ಟಡದಲ್ಲಿರಲಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಡೇಟಾ ಸೆಂಟರ್ ಬೆಂಕಿಗೆ ಸಿಕ್ಕಿ ರಸ್ಟ್ ಗೇಮಿನ 25 ಯೂರೋಪ್ ಸರ್ವರ್‌ಗಳ ಡೇಟಾ ವಾಪಸ್ ಬಾರದ ಹಾಗೆ ಹೋಯಿತು. ಮಕ್ಕಳು ತಿಂಗಳುಗಟ್ಟಲೆ ಕಟ್ಟಿದ ಮನೆಗಳು ನಿನ್ನ ಡಿಸ್ಕಿನಲ್ಲಿರುತ್ತವೆ ಕಣೋ. ವಾರಕ್ಕೊಮ್ಮೆ ಒಂದು ಬ್ಯಾಕಪ್ ತೆಗೆದು ನಿಜಕ್ಕೂ ಓಡಿಸಿ ನೋಡು.

ಪಿಂಗ್ ಪಟ್ಟಿ ಸಿದ್ಧವಾದ ಕೂಡಲೇ ಕಳಿಸು, ಇಬ್ಬರೂ ಕೂತು ನೋಡೋಣ. ಮೊದಲ ಮೂರು ತಿಂಗಳ ಬಾಡಿಗೆ ನಾನು ಕೊಡುತ್ತೇನೆ. ಅಪ್ಪನ ಹಣ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ.

ನಿನ್ನ ಅಕ್ಕ