ಕೀ ಕೊಡದೆ ಕಾಡಿದವರಿಗೆಲ್ಲ ದೊಡ್ಡ ನಮಸ್ಕಾರ

ಕಳೆದ ಸೋಮವಾರ ಬೆಳಿಗ್ಗೆ ಆರೂವರೆಗೆ ದಾವಣಗೆರೆ ರೈಲ್ವೆ ಸ್ಟೇಷನ್ ಮುಂದೆ ನನ್ನ ಆಟೋ ಸಾಲಿಗೆ ಬಂದು ನಿಂತಿತು. ಆಟೋ ದಿನಾ ಬರುತ್ತಿತ್ತು, ಅದೇನು ಹೊಸದಲ್ಲ. ಮುಂದಿನ ಸೀಟಿನಲ್ಲಿ ನಾನಿದ್ದೆ, ಅದು ಹೊಸದು. ಕಾಲು ಮುರಿದುಕೊಂಡು ಮನೆಯಲ್ಲಿ ಕೂತು 4 ತಿಂಗಳು 20 ದಿನ ಆಗಿತ್ತು. ಸೋಮವಾರದಿಂದ ಫೋನ್ ಮಾಡಿದವರು, ದಾರಿಯಲ್ಲಿ ಕೈ ಎತ್ತಿದವರು ತುಂಬಾ ಜನ. ಒಬ್ಬೊಬ್ಬರಿಗೇ ಹೇಳಿ ಮುಗಿಯಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಬರೆದು ರೂಢಿಯಿಲ್ಲ. ಒತ್ತಕ್ಷರ ಎಲ್ಲ ಮಗಳು ತಿದ್ದಿದ್ದಾಳೆ.

ಧೈರ್ಯ ಹೇಳಿದವರಿಗೆ ಋಣಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಮೊದಲು ನೆನೆಯಬೇಕಾದವರು ಬೇರೆ. ‘ಆಗಲ್ಲ’ ಅಂದವರು. ಕೀ ಮುಚ್ಚಿಟ್ಟವರು. ಸಹಿ ಹಾಕಲ್ಲ ಅಂದವರು. ಅವರನ್ನೆಲ್ಲ ಆಗ ಮನಸ್ಸಿನಲ್ಲೇ ಸಾಕಷ್ಟು ಬೈದಿದ್ದೇನೆ, ಕ್ಷಮಿಸಬೇಕು.

ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 22 ವರ್ಷದಿಂದ ಆಟೋ ಓಡಿಸುತ್ತಿದ್ದೇನೆ, ರೋಡಿನಲ್ಲಿ ಒಂದು ದಿನ ಬಿದ್ದವನಲ್ಲ. ಜೂನ್‌ನಲ್ಲಿ ನಮ್ಮ ಮನೆ ಬಚ್ಚಲಲ್ಲಿ ಬಿದ್ದೆ. ಅವತ್ತು ನಲ್ಲಿ ನೀರು ಬಿಟ್ಟಿದ್ದರು, ಡ್ರಮ್ಮು ತುಂಬುವ ಗಡಿಬಿಡಿ. ಪಾಚಿ ಮೇಲೆ ಕಾಲಿಟ್ಟೆ. ಬಲಗಾಲಿನ ಹರಡಿನ ಹತ್ತಿರ ಒಣ ಕಡ್ಡಿ ಮುರಿದ ಹಾಗೆ ಸದ್ದು ಬಂತು. ಕೊಡ ಮಾತ್ರ ಕೈಯಲ್ಲೇ ಇತ್ತು ನೋಡಿ, ಬಿಟ್ಟಿರಲಿಲ್ಲ.

ಅರ್ಧ ಓಣಿ ‘ಮೂಳೆ ಕಟ್ಟೋರ ಹತ್ತಿರ ಹೋಗೋಣ, ಪಟ್ಟು ಹಾಕ್ತಾರೆ’ ಅಂತ ಹೊರಟಿತ್ತು. ನಾನೂ ಹ್ಞೂಂ ಅಂದಿದ್ದೆ. ಪಕ್ಕದ ಮನೆ ಹುಡುಗ ಯಾರ ಮಾತೂ ಕೇಳದೆ ಗಾಡಿಯನ್ನು ಸೀದಾ ಚಿಗಟೇರಿ ಆಸ್ಪತ್ರೆಗೆ ಹೊಡೆದ. ಎಕ್ಸ್‌ರೇ ನೋಡಿದರೆ ಹರಡಿನ ಎರಡೂ ಕಡೆ ಮುರಿದಿತ್ತು, ಕೀಲು ಜರುಗಿತ್ತು. ಪಟ್ಟು ಹಾಕಿಸಿಕೊಂಡಿದ್ದರೆ ನಾನಿವತ್ತು ಕುಂಟುತ್ತಾ ಓಡಾಡಬೇಕಿತ್ತು. ಒಂದು ಪ್ಲೇಟು, ಒಂಬತ್ತು ಸ್ಕ್ರೂ ಹಾಕಿದರು. ಶುಗರ್ ಇರುವವರಿಗೆ ಮೂಳೆ ಕೂಡುವುದು ನಿಧಾನವಂತೆ. ಬೇರೆಯವರಿಗೆ 6 ವಾರ ಅನ್ನುವ ಕಡೆ ನನಗೆ 12 ವಾರ ಕಾಲು ಊರಬೇಡ ಅಂದರು.

ಕಾರಿನವರಿಗೆ ಒಂದು ಮಾತು ಹೇಳಬೇಕು. ಆಟೋದಲ್ಲಿ ಕ್ಲಚ್ಚು, ಗೇರು ಎರಡೂ ಎಡಗೈಯಲ್ಲಿ. ಎಕ್ಸಲೇಟರ್ ಬಲಗೈಯಲ್ಲಿ. ಎಡಗಾಲಿಗೆ ಕೆಲಸವೇ ಇಲ್ಲ, ಸುಮ್ನೆ ಮಡಚಿಕೊಂಡು ಕೂರುತ್ತದೆ. ಬಲಗಾಲಿಗೆ ಇರುವುದು ಒಂದೇ ಕೆಲಸ, ಬ್ರೇಕು. ಈಗ ನನ್ನ ಪರಿಸ್ಥಿತಿ ನೋಡಿ. ಗಾಡಿ ಓಡಿಸಲು ಏನೇನು ಬೇಕೋ ಎಲ್ಲ ಗಟ್ಟಿಮುಟ್ಟು. ನಿಲ್ಲಿಸಲು ಬೇಕಾಗಿದ್ದು ಮಾತ್ರ ಸ್ಕ್ರೂ ಹಾಕಿಸಿಕೊಂಡು ದಿಂಬಿನ ಮೇಲೆ ಮಲಗಿತ್ತು.

ಇಷ್ಟು ಗೊತ್ತಿದ್ದೂ ಬುದ್ಧಿ ಬರಲಿಲ್ಲ. ಏಳನೇ ವಾರದಲ್ಲಿ ಒಂದು ಭಾನುವಾರ ಆಟೋ ಮನೆ ಮುಂದೆ ನಿಂತಿತ್ತು. ನನ್ನ ಹೆಂಡತಿ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ವಾಕರ್ ಊರಿಕೊಂಡು ಹೋಗಿ ಹತ್ತಿ ಕೂತೆ. ಸ್ಟಾರ್ಟ್ ಆಯಿತು. ಆ ಸದ್ದಿಗೇ ಜೀವ ಬಂದ ಹಾಗಾಯಿತು. ಆದರೆ ಸದ್ದು ಒಳಗೂ ಕೇಳುತ್ತದಲ್ವಾ? ಹಿಟ್ಟಿನ ಕೈಯಲ್ಲೇ ಬಂದಳು. ಬೈಯಲಿಲ್ಲ. ‘ಬ್ರೇಕ್ ತುಳೀರಿ ನೋಡೋಣ’ ಅಂದಳು. ತುಳಿದೆ. ಹರಡಿನಿಂದ ಮಂಡಿವರೆಗೆ ಕರೆಂಟ್ ಹೊಡೆದಂತಾಗಿ ಕಣ್ಣಲ್ಲಿ ನೀರು ಬಂತು. ಪೆಡಲ್ ಅರ್ಧಕ್ಕೂ ಹೋಗಲಿಲ್ಲ. ಕೀ ಕಿತ್ತುಕೊಂಡು ಒಳಗೆ ಹೋದಳು. ಸ್ವಿಚ್ಚಿನ ಸುತ್ತ ಜೋಳದ ಹಿಟ್ಟಿನ ಬೆರಳ ಗುರುತು ಸಂಜೆವರೆಗೂ ಹಾಗೇ ಇತ್ತು. ಆ ಕೀ ಎಲ್ಲಿಟ್ಟಳು ಅಂತ ಎರಡು ತಿಂಗಳು ಹುಡುಕಿದ್ದೇನೆ. ಮಂಡಕ್ಕಿ ಡಬ್ಬಿಯಲ್ಲಿತ್ತು. ದಾವಣಗೆರೆಯವನಾಗಿ ಅದೊಂದು ಜಾಗ ಹೊಳೆಯಲಿಲ್ಲವಲ್ಲ ಅಂತ ಈಗಲೂ ನಾಚಿಕೆ.

ಡಾಕ್ಟರಮ್ಮನ ಕಥೆ ಇನ್ನೂ ಚೆನ್ನಾಗಿದೆ. 12 ವಾರ ಮುಗಿಸಿ ಹೋದಾಗ ‘ಓಡಿಸಬಹುದಾ ಮೇಡಂ’ ಅಂದೆ. ‘ಕಣ್ಣು ಮುಚ್ಚಿ, ಪಾದಕ್ಕೆ ಏನಾದರೂ ತಗುಲಿದರೆ ಹೇಳಿ’ ಅಂದರು. ನೈಲಾನ್ ದಾರದಂಥ ಒಂದು ಸಣ್ಣ ಎಳೆ ಇತ್ತು ಅವರ ಕೈಯಲ್ಲಿ. ಶುಗರ್‌ನಿಂದ ಪಾದದ ಸ್ಪರ್ಶ ಹೋಗಿದೆಯಾ ಅಂತ ನೋಡುವುದು ಅದರಲ್ಲೇ. ನಾನು ಬುದ್ಧಿವಂತ, ತಾಳ ಹಿಡಿದವನ ಹಾಗೆ ‘ಹ್ಞೂಂ... ಹ್ಞೂಂ...’ ಅನ್ನುತ್ತಾ ಹೋದೆ. ‘ನಾನಿನ್ನೂ ಮುಟ್ಟೇ ಇಲ್ಲ’ ಅಂದರು. ಆಮೇಲೆ ಸರಿಯಾಗಿ ನೋಡಿದಾಗ ಹೆಬ್ಬೆರಳಿನ ಕೆಳಗೆ ಒಂದು ಜಾಗ ಮಾತ್ರ ಮಂದ, ಉಳಿದದ್ದು ಪರವಾಗಿಲ್ಲ. ಹವಾಯಿ ಚಪ್ಪಲಿ ಬಿಡಿಸಿದರು. ದಿನಾ ರಾತ್ರಿ ಪಾದ ನೋಡಿಕೊಳ್ಳಬೇಕು ಅಂದರು. ಈಗ ಶೂ ಹಾಕಿಕೊಂಡು ಆಟೋ ಓಡಿಸುತ್ತೇನೆ, ಸ್ಟ್ಯಾಂಡಿನಲ್ಲಿ ‘ಸಾಹೇಬ್ರು ಬಂದ್ರು’ ಅಂತಾರೆ. ಅನ್ನಲಿ.

ಅಕ್ಟೋಬರ್‌ನಲ್ಲಿ ನನ್ನ ಲೈಸೆನ್ಸ್ ರಿನೀವಲ್ಲೂ ಇತ್ತು. ನಮ್ಮ ಲೈಸೆನ್ಸ್‌ಗೆ ಡಾಕ್ಟರ್ ಸಹಿ ಮಾಡಿದ ಫಾರ್ಮ್ 1ಎ ಬೇಕೇ ಬೇಕು. 25 ಮೀಟರ್ ದೂರದ ನಂಬರ್ ಪ್ಲೇಟ್ ಓದುತ್ತಾನಾ, ಕೆಂಪು ಹಸಿರು ಗೊತ್ತಾಗುತ್ತಾ, ಕೈಕಾಲು ನೆಟ್ಟಗಿದೆಯಾ ಅಂತೆಲ್ಲ ಅದರಲ್ಲಿರುತ್ತದೆ. ‘ಡಾಕ್ಟರು ನಿನ್ನ ಮುಖ ನೋಡೋದೇ ಬ್ಯಾಡ, ಸಹಿ ಮಾಡಿಸಿ ಕೊಡ್ತೀನಿ’ ಅಂದವರೂ ಇದ್ದರು. ನಾನು ಜೇಬಿಗೆ ಕೈ ಹಾಕಿದ್ದೂ ನಿಜ. ಸ್ಟ್ಯಾಂಡಿನ ಹಿರಿಯಣ್ಣ ಎಲ್ಲರ ಮುಂದೆ ಉಗಿದರು. ‘ನಾಳೆ ನನ್ನ ಮೊಮ್ಮಗಳು ನಿನ್ನ ಗಾಡಿ ಮುಂದೆ ಅಡ್ಡ ಬಂದ್ರೆ ಆ ಸಹಿ ಬಂದು ಬ್ರೇಕ್ ಹಿಡಿಯುತ್ತೇನಲೇ?’ ಅಂದರು. ಸುಮ್ಮನಾದೆ. ಕೊನೆಗೆ ಡಾಕ್ಟರಮ್ಮನೇ ಕಾಲು ಪರೀಕ್ಷೆ ಮಾಡಿ ಸಹಿ ಹಾಕಿದರು.

ಫಿಸಿಯೋ ಮಾಡಿಸಿದ ಹುಡುಗಿಗೆ ನನ್ನ ಮಗಳ ವಯಸ್ಸು. ಕುರ್ಚಿಯಲ್ಲಿ ಕೂರಿಸಿ ಬಲಗಾಲಿನ ಕೆಳಗೆ ತೂಕದ ಮಷೀನು ಇಡುತ್ತಿದ್ದಳು. ‘ತುಳೀರಿ ಅಂಕಲ್.’ ಮೊದಲ ದಿನ ಮುಳ್ಳು 8 ಕೆಜಿ ದಾಟಲಿಲ್ಲ. ಒಂದು ತಿಂಗಳ ಮೇಲೆ 35ಕ್ಕೆ ಹೋದಾಗ ಅವಳೇ ಚಪ್ಪಾಳೆ ತಟ್ಟಿದಳು. ತಾಯಿ, ನಿನಗೆ ಒಳ್ಳೇದಾಗಲಿ.

ಅಷ್ಟು ದಿನ ನನ್ನ ಗಾಡಿ ಓಡಿಸಿದ ಗೆಳೆಯನ ಬಗ್ಗೆ ಬರೆದರೆ ಅವನಿಗೆ ಮುಜುಗರ. ದಿನಾ ರಾತ್ರಿ ಒಂಬತ್ತಕ್ಕೆ ಬಂದು ಗ್ಯಾಸಿನ ಚೀಟಿ, ಬಾಡಿಗೆ ದುಡ್ಡು ಟಿವಿ ಪಕ್ಕ ಇಟ್ಟು, ಟೀ ಕುಡಿದು ಹೋಗುತ್ತಿದ್ದ. ಒಂದು ಕಂತೂ ತಪ್ಪಲಿಲ್ಲ. ಆಯುಧ ಪೂಜೆ ದಿನ ಗಾಡಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಹಣ್ಣಿನ ಮೇಲೆ ಗಾಡಿ ಹಾಯಿಸುವುದಾದರೂ ನಾನೇ ಮಾಡಬೇಕು ಅಂತ ಆಸೆ, ಬರೀ ಎರಡು ಅಡಿ ಅಷ್ಟೇ. ಇವಳು ಕೀಯನ್ನು ಅವನ ಕೈಗೆ ಕೊಟ್ಟಳು. ನಾನು ಕಟ್ಟೆ ಮೇಲೆ ಕೂತು ಮುಖ ಆ ಕಡೆ ತಿರುಗಿಸಿಕೊಂಡೆ.

ಕೊನೆಗೆ ಕಲಿಸಿದವನೂ ಅವನೇ. ಹತ್ತು ದಿನ ಬೆಳಿಗ್ಗೆ ಐದೂವರೆಗೆ ಕುಂದವಾಡ ಕೆರೆ ಕಡೆ ಹೋಗುತ್ತಿದ್ದೆವು. ವಾಕಿಂಗ್‌ನವರು ಬರುವ ಮುಂಚೆ ರೋಡು ಖಾಲಿ. ನಾನು ಓಡಿಸುವುದು, ಅವನು ಹಿಂದೆ ಕೂತು ಯಾವಾಗ ಬೇಕಾದರೂ ‘ನಿಲ್ಸು!’ ಅಂತ ಕಿರುಚುವುದು. ಮೊದಮೊದಲು ನಾಲ್ಕೈದು ಮಾರು ಮುಂದೆ ಹೋಗಿ ನಿಲ್ಲುತ್ತಿತ್ತು. ಕಾಲಿಗೆ ಬಲ ಇತ್ತು, ಭಯ ಬಿಡುತ್ತಿರಲಿಲ್ಲ. ಎಂಟನೇ ದಿನ ಅವನ ಬಾಯಿಂದ ‘ನಿ’ ಬರುವಷ್ಟರಲ್ಲಿ ಗಾಡಿ ನಿಂತಿತು, ಅವನ ಹಣೆ ನನ್ನ ಸೀಟಿಗೆ ಬಡಿಯಿತು. ಬುಗುಟು ಸವರಿಕೊಳ್ಳುತ್ತಾ ‘ಇನ್ನ ನೀನು ಪಾಸು’ ಅಂದ. ಅವತ್ತು ಬೆಣ್ಣೆ ದೋಸೆ ನನ್ನ ಲೆಕ್ಕದಲ್ಲಿ. ನಾನು ಒಂದೇ ತಿಂದೆ, ಡಾಕ್ಟರಮ್ಮ ಓದುತ್ತಿದ್ದರೆ ಗಮನಿಸಿ.

ಸೋಮವಾರದ ಮೊದಲ ಬಾಡಿಗೆ ವಿದ್ಯಾನಗರಕ್ಕೆ. ಅಮ್ಮ ಒಬ್ಬರು, ಎರಡು ಬ್ಯಾಗು. ಗುಂಡಿ ಸರ್ಕಲ್ ಹತ್ತಿರ ‘ಯಾಕಣ್ಣ ಇಷ್ಟು ನಿಧಾನ?’ ಅಂದರು. ‘ಬ್ರೇಕ್ ಹೊಸದು ಅಮ್ಮ’ ಅಂದೆ. ನಕ್ಕೆ. ಅವರಿಗೆ ಯಾಕೆ ಅಂತ ಗೊತ್ತಾಗಲಿಲ್ಲ.

ಸದ್ಯಕ್ಕೆ ಸಂಜೆ ಏಳರವರೆಗೆ ಮಾತ್ರ ಓಡಿಸುತ್ತೇನೆ. ರಾತ್ರಿ ರೈಲಿಗೆ ಕರೆಯುವ ಹಳೇ ಗಿರಾಕಿಗಳು ಬೇಜಾರು ಮಾಡಿಕೊಳ್ಳಬಾರದು, ನನ್ನ ಗೆಳೆಯ ಬರುತ್ತಾನೆ.

ಇನ್ನೊಂದು. ನಿಟ್ಟುವಳ್ಳಿಯ ಅಜ್ಜ ಒಬ್ಬರು, ಹಿಂದೊಮ್ಮೆ ನನ್ನ ಗಾಡಿಯಲ್ಲಿ ಕೂತವರಂತೆ, ವಿಷಯ ಕೇಳಿ ತಮ್ಮ ವಾಕರ್ ಕಳಿಸಿಕೊಟ್ಟಿದ್ದರು. ತಂದುಕೊಟ್ಟ ಹುಡುಗ ಹೆಸರು ಹೇಳಲಿಲ್ಲ, ನಾನೂ ಆ ನೋವಿನಲ್ಲಿ ಕೇಳಲಿಲ್ಲ. ಅಜ್ಜಾ, ವಾಕರ್ ತೊಳೆದು ಇಟ್ಟಿದ್ದೇನೆ. ಒಂದು ಕಾಲಿನ ರಬ್ಬರ್ ಸವೆದಿತ್ತು, ನಾಲ್ಕಕ್ಕೂ ಹೊಸದು ಹಾಕಿಸಿದ್ದೇನೆ. ಸೀಟಿನ ಹಿಂದೆಯೇ ಇದೆ. ನಿಟ್ಟುವಳ್ಳಿ ಕಡೆ ಬಾಡಿಗೆ ಬಂದಾಗಲೆಲ್ಲ ನಿಮ್ಮ ಮನೆ ಕೇಳುತ್ತಿದ್ದೇನೆ.