ವಯಸ್ಸಾದ ನಾಯಿಯ ಕೀಲುನೋವು: ಮೊದಲು ಊಟದ ಅಳತೆ ಇಳಿಯಲಿ

ಸಂಪಾದಕರಿಗೆ,

ಮಾನ್ಯರೇ,

ವಯಸ್ಸಾದ ನಾಯಿಗಳ ಸಂಧಿವಾತಕ್ಕೆ ಅಡುಗೆಮನೆಯಲ್ಲೇ ಮದ್ದಿದೆ ಎನ್ನುವ ಸಲಹೆಗಳು ಈಚೆಗೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಅರಿಶಿನದ ಉಂಡೆ, ಕೊಬ್ಬರಿ ಎಣ್ಣೆ, ಅಗಸೆ ಬೀಜದ ಪುಡಿ, ಬೆಳ್ಳುಳ್ಳಿ ಹಾಕಿ ಕುದಿಸಿದ ಕಾಲು ಸೂಪ್ ಎಂದು ಆ ಪಟ್ಟಿ ಬೆಳೆಯುತ್ತಲೇ ಇದೆ. ಇವುಗಳಲ್ಲಿ ಕೆಲವು ನಿರುಪದ್ರವಿ, ಕೆಲವು ನಿಷ್ಪ್ರಯೋಜಕ. ಬೆಳ್ಳುಳ್ಳಿಯಂತೂ ನಾಯಿಗೆ ವಿಷ. ಆಹಾರದ ಮೂಲಕ ಮುದಿ ನಾಯಿಯ ನೋವನ್ನು ನಿಜವಾಗಿಯೂ ತಗ್ಗಿಸಬಹುದು ಎಂದು ನಂಬಿರುವವನು ನಾನು. ಆದ್ದರಿಂದಲೇ, ಯಾವ ಆಹಾರದಿಂದ ಪ್ರಯೋಜನವಿದೆ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ, ಯಾವುದರಿಂದ ಇಲ್ಲ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಎಲುಬುಗಳು ಕೂಡುವ ಕಡೆ ಅವುಗಳ ತುದಿಯನ್ನು ಮುಚ್ಚಿರುವ ನಯವಾದ ಮೃದ್ವಸ್ಥಿ ಸವೆದು, ಕೀಲಿನೊಳಗೆ ಉರಿಯೂತ ಉಂಟಾಗುವುದೇ ಈ ಕಾಯಿಲೆ. ಸವೆದದ್ದನ್ನು ಮೊದಲಿನಂತೆ ಮಾಡುವ ಔಷಧವಾಗಲಿ ಆಹಾರವಾಗಲಿ ಇಲ್ಲ. ನೋವನ್ನು ತಗ್ಗಿಸಬಹುದು, ಸವೆತದ ವೇಗವನ್ನು ಕಡಿಮೆ ಮಾಡಬಹುದು, ಅಷ್ಟೇ. ನಾಯಿಗಳು ಕೀಲುನೋವಿಗೆ ಕೂಗಾಡುವುದಿಲ್ಲ. ಬೆಳಿಗ್ಗೆ ಏಳುವಾಗ ಹಿಂಗಾಲನ್ನು ಎಳೆದುಕೊಂಡು ಏಳುವುದು, ಮೆಟ್ಟಿಲ ಬಳಿ ನಿಂತು ಯೋಚಿಸುವುದು, ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕುವುದು, ತೊಡೆಯ ಮಾಂಸಖಂಡ ಕರಗುವುದು, ಸೊಂಟ ಮುಟ್ಟಿದರೆ ಮುಖ ತಿರುಗಿಸಿ ನೋಡುವುದು, ಇವೇ ಅದರ ಮಾತು. ಇದನ್ನೆಲ್ಲ 'ವಯಸ್ಸಾಯಿತು ಬಿಡಿ' ಎಂದು ತಳ್ಳಿಹಾಕುವ ಮನೆಗಳು ಇಂದಿಗೂ ಹಲವು ಇವೆ.

ಆಹಾರದ ವಿಚಾರದಲ್ಲಿ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಏನನ್ನು ಸೇರಿಸಬೇಕು ಎಂಬುದನ್ನಲ್ಲ, ಎಷ್ಟನ್ನು ಕಡಿಮೆ ಮಾಡಬೇಕು ಎಂಬುದನ್ನು. ಅಮೆರಿಕದಲ್ಲಿ ಪ್ಯೂರಿನಾ ಕಂಪನಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಡುತ್ತ, ಅವುಗಳ ಜೀವಮಾನವಿಡೀ ಗಮನಿಸಿದ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಮಿತವಾಗಿ ಉಂಡ ನಾಯಿಗಳ ಆಯಸ್ಸಿನ ಮಧ್ಯಾಂಕ, ಅಂದರೆ ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು, 13 ವರ್ಷ, ಉಳಿದವುಗಳದು 11.2 ವರ್ಷ. ನನ್ನ ಮಟ್ಟಿಗೆ ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಸಂಧಿವಾತಕ್ಕೆ ದೀರ್ಘಕಾಲದ ಔಷಧ ಬೇಕಾಗುವ ವಯಸ್ಸು ಮಿತವಾಗಿ ಉಂಡವುಗಳಲ್ಲಿ ಸುಮಾರು ಮೂರು ವರ್ಷ ಮುಂದಕ್ಕೆ ಹೋಗಿತ್ತು. ನಾಯಿಯ ಬಾಳಿನಲ್ಲಿ ನೋವಿಲ್ಲದ ಮೂರು ವರ್ಷ ಎಂದರೆ ಅದು ಸಣ್ಣ ಅವಧಿಯಲ್ಲ. ನಾಯಿ ಆಹಾರ ಮಾರುವ ಕಂಪನಿಯೇ ನಡೆಸಿದ ಅಧ್ಯಯನ ಕಡಿಮೆ ತಿನ್ನಿಸಿರೆಂದು ಹೇಳಿರುವುದರಿಂದ ಅದಕ್ಕೆ ನಾನು ಇನ್ನಷ್ಟು ಬೆಲೆ ಕೊಡುತ್ತೇನೆ. ಈಗಾಗಲೇ ಕುಂಟುತ್ತಿರುವ ದಪ್ಪ ನಾಯಿಗಳಿಗೂ ದಾರಿ ಮುಚ್ಚಿಲ್ಲ. ದೇಹತೂಕದಲ್ಲಿ ಶೇಕಡಾ 6ರಷ್ಟು ಇಳಿದರೂ ಕುಂಟುವುದು ಗಮನಾರ್ಹವಾಗಿ ಕಡಿಮೆಯಾಗುತ್ತದೆ ಎಂದು 2010ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ತೋರಿಸಿದೆ. 35 ಕಿಲೋ ತೂಗುವ ನಾಯಿಗೆ ಅದು ಎರಡು ಕಿಲೋಗಿಂತ ತುಸು ಹೆಚ್ಚು.

ನಮ್ಮ ಮನೆಗಳಲ್ಲಿ ಇದು ಕಷ್ಟವಾಗುವುದು ಪ್ರೀತಿಯಿಂದಲೇ. ಎರಡು ಹೊತ್ತು ಮೊಸರನ್ನ ಅಥವಾ ಹಾಲು ಕಲಸಿದ ರಾಗಿಮುದ್ದೆ, ನಡುವೆ ಚಹಾದ ಹೊತ್ತಿಗೆ ಬಿಸ್ಕತ್ತು, ದೋಸೆಯ ಅಂಚು, ಅಜ್ಜಿ ಕದ್ದು ಹಾಕುವ ಚಪಾತಿ. ಹತ್ತು ವರ್ಷದ ನಾಯಿ ದಿನಕ್ಕೆ ಒಂದು ಸುತ್ತು ನಡೆದರೆ ಹೆಚ್ಚು. ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ಸಾಕಿರುವ ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ತಳಿಗಳಿಗೆ ಸೊಂಟದ ಕೀಲು ಸರಿಯಾಗಿ ಕೂಡಿಕೊಳ್ಳದ ಆನುವಂಶಿಕ ದೋಷ ಬರುವ ಸಾಧ್ಯತೆ ಮೊದಲೇ ಹೆಚ್ಚು. ಅದರ ಮೇಲೆ ಬೊಜ್ಜು ಸೇರಿದರೆ ಕೀಲಿನ ಗತಿ ಏನು? ಕೊಬ್ಬು ಬರೀ ಭಾರವಲ್ಲ. ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳನ್ನು ಅದೂ ಸ್ರವಿಸುತ್ತದೆ. ಪಕ್ಕೆಯ ಮೇಲೆ ಕೈಯಾಡಿಸಿದಾಗ, ಒತ್ತದೆಯೇ ಪಕ್ಕೆಲುಬುಗಳು ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಒಳಕ್ಕೆ ಸರಿದಿರಬೇಕು ಎನ್ನುವುದು ಪಶುವೈದ್ಯರು ಹೇಳುವ ಸರಳ ಪರೀಕ್ಷೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ 'ಹೊಟ್ಟೆಗೆ ಹಾಕುವುದಿಲ್ಲವೇ' ಎಂದು ಕೇಳುವವರು ಇರುವ ನಾಡು ನಮ್ಮದು. ಗುಂಡಗಿರುವುದೇ ಆರೋಗ್ಯ ಎಂಬ ಕಣ್ಣಿನ ಅಭ್ಯಾಸ ಬದಲಾಗಬೇಕು. ಅನ್ನ, ಮುದ್ದೆಯ ಒಂದು ಭಾಗವನ್ನು ತೆಗೆದು ಆ ಜಾಗಕ್ಕೆ ಉಪ್ಪು, ಒಗ್ಗರಣೆ ಇಲ್ಲದೆ ಬೇಯಿಸಿದ ಹುರುಳಿಕಾಯಿ, ಸಿಹಿಗುಂಬಳ, ಕ್ಯಾರೆಟ್ ಹಾಕಿದರೆ ಹೊಟ್ಟೆಯೂ ತುಂಬುತ್ತದೆ, ತೂಕವೂ ಇಳಿಯುತ್ತದೆ. ಬಿಸ್ಕತ್ತಿನ ಬದಲು ಸೌತೆಕಾಯಿಯ ಹೋಳು ಕೊಟ್ಟರೆ ಬೇಡವೆನ್ನುವ ಲ್ಯಾಬ್ರಡಾರ್ ಅಪರೂಪ. ಸ್ನಾಯು ಕರಗದಂತೆ ಮೊಟ್ಟೆ, ಚರ್ಮ ತೆಗೆದ ಕೋಳಿಮಾಂಸದಂಥ ಸಸಾರಜನಕವನ್ನು ಮಾತ್ರ ಕಡಿಮೆ ಮಾಡಬಾರದು. ಮೂತ್ರಪಿಂಡದ ತೊಂದರೆಯಿರುವ ನಾಯಿಗಾದರೆ ಅದನ್ನೂ ವೈದ್ಯರೇ ನಿರ್ಧರಿಸಬೇಕು.

ಸೇರಿಸಬೇಕಾದ ಆಹಾರಗಳಲ್ಲಿ ಗಟ್ಟಿ ಆಧಾರವಿರುವುದು ಮೀನಿನ ಎಣ್ಣೆಗೆ. ಅದರಲ್ಲಿರುವ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು ಕೀಲಿನ ಉರಿಯೂತವನ್ನು ತಗ್ಗಿಸುತ್ತವೆ. ಮೀನೆಣ್ಣೆ ಸೇರಿಸಿದ ಆಹಾರ ತಿಂದ ನಾಯಿಗಳು ನೋವಿರುವ ಕಾಲಿನ ಮೇಲೆ ಹೆಚ್ಚು ಭಾರ ಹಾಕತೊಡಗಿದ್ದನ್ನೂ, ಕೆಲವಕ್ಕೆ ನೋವಿನ ಮಾತ್ರೆಯ ಪ್ರಮಾಣವನ್ನು ಇಳಿಸಲು ಸಾಧ್ಯವಾದದ್ದನ್ನೂ 2010ರಲ್ಲಿ ಪ್ರಕಟವಾದ ಪ್ರಯೋಗಗಳು ದಾಖಲಿಸಿವೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಇಂಥ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಒಮೆಗಾ-3ರ ಪ್ರಯೋಜನ ಸ್ಪಷ್ಟವಾಗಿ ಕಂಡಿತು. ಕೀಲಿಗೆ ಒಳ್ಳೆಯದೆಂದು ದುಬಾರಿ ಬೆಲೆಗೆ ಮಾರಾಟವಾಗುವ ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಮಾತ್ರೆಗಳಿಂದ ಪ್ರಯೋಜನ ಕಾಣಲಿಲ್ಲ ಎಂದೂ ಅದೇ ಪರಿಶೀಲನೆ ಹೇಳಿತು.

ಈ ವಿಷಯದಲ್ಲಿ ಕರಾವಳಿಯವರು ಅದೃಷ್ಟವಂತರು. ಬೂತಾಯಿ (ಸಾರ್ಡೀನ್) ಮತ್ತು ಬಂಗುಡೆ (ಮ್ಯಾಕೆರೆಲ್) ಈ ಕೊಬ್ಬಿನಾಮ್ಲಗಳು ಹೇರಳವಾಗಿರುವ ಮೀನುಗಳು, ಬೆಲೆಯೂ ದುಬಾರಿ ಮೀನಾದ ಅಂಜಲ್‌ನಷ್ಟಿಲ್ಲ. ಆದರೆ ಮೆಣಸು, ಹುಳಿ, ಉಪ್ಪು ಬಿದ್ದ ಸಾರಿನ ಮೀನು ನಾಯಿಗೆ ಬೇಡ, ಒಣಮೀನಂತೂ ಬೇಡವೇ ಬೇಡ. ಬೂತಾಯಿಯ ತಲೆ, ಕರುಳು ತೆಗೆದು, ಬರೀ ನೀರಿನಲ್ಲಿ ಕುಕ್ಕರಿನಲ್ಲಿಟ್ಟು ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಬೇಯಿಸಬೇಕು. ಬೂತಾಯಿಯಂಥ ಮೀನನ್ನು ಹಸಿಯಾಗಿ ಪದೇಪದೇ ಕೊಟ್ಟರೆ ಅದರಲ್ಲಿರುವ ಕಿಣ್ವ ಬಿ-1 ಜೀವಸತ್ವವನ್ನು ನಾಶಮಾಡುತ್ತದೆ.

ಮೀನೆಣ್ಣೆಯ ಕ್ಯಾಪ್ಸೂಲ್ ಕೊಡುವವರು ಒಂದು ಲೆಕ್ಕವನ್ನು ಗಮನಿಸಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಇಪಿಎ, ಡಿಎಚ್‌ಎ ಎರಡೂ ಸೇರಿ ಇರುವುದು ಸುಮಾರು 300 ಮಿಲಿಗ್ರಾಂ ಮಾತ್ರ. ಸಂಧಿವಾತಕ್ಕೆ ತಜ್ಞರು ಸೂಚಿಸುವ ಇವೆರಡರ ಒಟ್ಟು ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಹೆಚ್ಚುಕಡಿಮೆ 100 ಮಿಲಿಗ್ರಾಂ ಆಗಿರುವುದರಿಂದ, 30 ಕಿಲೋ ನಾಯಿಗೆ ದಿನಕ್ಕೊಂದು ಕ್ಯಾಪ್ಸೂಲ್ ಕೊಟ್ಟು 'ಏನೂ ಗುಣ ಕಾಣಲಿಲ್ಲ' ಎನ್ನುವುದು ಸರಿಯಲ್ಲ. ಹಾಗೆಂದು ಒಮ್ಮೆಲೇ ಹತ್ತು ಕ್ಯಾಪ್ಸೂಲ್ ಸುರಿಯುವುದೂ ತಪ್ಪು: ಭೇದಿಯಾಗುತ್ತದೆ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು, ಮೇದೋಜೀರಕ ಗ್ರಂಥಿಯ ಉರಿಯೂತದ ಇತಿಹಾಸವಿರುವ ನಾಯಿಗೆ ಅಪಾಯವೂ ಇದೆ. ವೈದ್ಯರನ್ನು ಕೇಳಿ, ಕಡಿಮೆ ಪ್ರಮಾಣದಿಂದ ಆರಂಭಿಸಿ, ಆ ಎಣ್ಣೆಯ ಕ್ಯಾಲೊರಿಯನ್ನು ಊಟದಿಂದ ಕಳೆದು, ಕನಿಷ್ಠ ಆರರಿಂದ ಹನ್ನೆರಡು ವಾರ ಕಾದು ನೋಡಬೇಕು. ಕಾಡ್ ಎಂಬ ಮೀನಿನ ಯಕೃತ್ತಿನಿಂದ ತೆಗೆದ ಕಾಡ್ ಲಿವರ್ ಎಣ್ಣೆ ಇದಕ್ಕೆ ಬದಲಿಯಲ್ಲ. ಈ ಪ್ರಮಾಣದಲ್ಲಿ ಅದನ್ನು ಕೊಟ್ಟರೆ ಎ ಮತ್ತು ಡಿ ಜೀವಸತ್ವಗಳು ಮಿತಿಮೀರಿ ವಿಷವಾಗುತ್ತವೆ. ಸಸ್ಯಾಹಾರಿ ಮನೆಗಳವರು ನೆಚ್ಚಿಕೊಂಡಿರುವ ಅಗಸೆ ಬೀಜದಲ್ಲಿರುವುದು ಬೇರೆ ಬಗೆಯ ಒಮೆಗಾ-3. ನಾಯಿಯ ದೇಹ ಅದರ ಅಲ್ಪ ಭಾಗವನ್ನಷ್ಟೇ ಇಪಿಎ ಆಗಿ ಬದಲಿಸಿಕೊಳ್ಳಬಲ್ಲದು. ಅಂಥವರಿಗೆ ಪಾಚಿಯಿಂದ ತೆಗೆದ ಒಮೆಗಾ-3 ಎಣ್ಣೆ ಹೆಚ್ಚು ಸೂಕ್ತ.

ಇನ್ನು ಅರಿಶಿನ. ಅರಿಶಿನ ಪುಡಿಯಲ್ಲಿ ಮದ್ದಿನ ಅಂಶ ಎನ್ನಲಾಗುವ ಕರ್ಕ್ಯುಮಿನ್ ಇರುವುದು ಶೇಕಡಾ ಮೂರರ ಆಸುಪಾಸಿನಲ್ಲಿ, ಅದರಲ್ಲೂ ಕರುಳು ಹೀರಿಕೊಳ್ಳುವುದು ತೀರಾ ಕಡಿಮೆ. ಕಾಳುಮೆಣಸಿನಲ್ಲಿರುವ ಪೈಪರೀನ್ ಎಂಬ ಅಂಶ ಜೊತೆಗಿದ್ದರೆ ಹೀರಿಕೆ ಬಹಳಷ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿಕೊಟ್ಟದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಎಂಬುದು ಹೆಮ್ಮೆಯ ಸಂಗತಿ; ಆದರೆ ಆ ಪ್ರಯೋಗ ನಡೆದದ್ದು ಇಲಿಗಳ ಮತ್ತು ಮನುಷ್ಯರ ಮೇಲೆ, ನಾಯಿಗಳ ಮೇಲಲ್ಲ. ಸಂಧಿವಾತವಿದ್ದ ನಾಯಿಗಳಿಗೆ ಅರಿಶಿನದ ಸಾರವನ್ನು ಕೊಟ್ಟು ನಡೆಸಿದ, 2003ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗದಲ್ಲಿ ವೈದ್ಯರ ಒಟ್ಟಾರೆ ಅಂದಾಜಿಗೆ ಸ್ವಲ್ಪ ಸುಧಾರಣೆ ಕಂಡಿತಾದರೂ, ನಡೆಯುವಾಗ ಕಾಲು ನೆಲಕ್ಕೆ ಒತ್ತುವ ಬಲವನ್ನು ಯಂತ್ರದಲ್ಲಿ ಅಳೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಊಟಕ್ಕೆ ಚಿಟಿಕೆ ಅರಿಶಿನ ಬಿದ್ದರೆ ಹಾನಿಯಿಲ್ಲ, ಅದನ್ನೇ ಚಿಕಿತ್ಸೆ ಎಂದು ನಂಬಿ ಕೂರಬಾರದು. ಅರಿಶಿನದ ಉಂಡೆಗೆ ಬೆರೆಸುವ ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ; ದೊಡ್ಡ ನಾಯಿಯ ಇಡೀ ದಿನದ ಅಗತ್ಯದಲ್ಲಿ ಅದು ಹತ್ತರಲ್ಲೊಂದು ಪಾಲು. ಹಾಗಾಗಿ ಕೀಲಿಗೆಂದು ಹಾಕಿದ ಮದ್ದು ಕೀಲಿನ ಮೇಲಿನ ಹೊರೆಯನ್ನೇ ಹೆಚ್ಚಿಸುತ್ತದೆ.

ಕಾಲು ಸೂಪ್ ಕುಡಿಸಿದರೆ ಮೃದ್ವಸ್ಥಿ ಬೆಳೆಯುವುದಿಲ್ಲ. ಹಸಿವು ಸತ್ತ ಮುದಿ ನಾಯಿಗೆ ರುಚಿಗಾಗಿ, ಕೊಬ್ಬು ತೆಗೆದು, ಎಲುಬು ಸೋಸಿ ಕೊಡಬಹುದು. ಬೇಯಿಸಿದ ಎಲುಬು ಚೂರುಚೂರಾಗಿ ಸೀಳಿ ಕರುಳನ್ನು ಕೊರೆಯುವುದರಿಂದ ಅದನ್ನು ತಟ್ಟೆಗೆ ಹಾಕಲೇಬಾರದು. ಕುಂಟುವ ನಾಯಿಗೆಲ್ಲ ಕ್ಯಾಲ್ಸಿಯಂ ಸಿರಪ್ ಕುಡಿಸುವ ರೂಢಿಯೂ ಹಾಗೆಯೇ. ಸಂಧಿವಾತ ಕ್ಯಾಲ್ಸಿಯಂ ಕೊರತೆಯಿಂದ ಬರುವ ಕಾಯಿಲೆಯಲ್ಲ. ದೊಡ್ಡ ತಳಿಯ ಮರಿಗಳಿಗೆ ಅತಿಯಾದ ಕ್ಯಾಲ್ಸಿಯಂ ಕೊಟ್ಟರೆ ಎಲುಬಿನ ಬೆಳವಣಿಗೆಯೇ ಕೆಡುತ್ತದೆ.

ಬೆಳ್ಳುಳ್ಳಿ, ಈರುಳ್ಳಿಗಳು ಹಸಿಯಾಗಿರಲಿ, ಬೆಂದಿರಲಿ, ಪುಡಿಯಾಗಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಇವೆಲ್ಲಕ್ಕಿಂತ ಭಯ ಹುಟ್ಟಿಸುವುದು ಮನುಷ್ಯರ ನೋವಿನ ಮಾತ್ರೆ. ಮನೆಯಲ್ಲಿರುವ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಮಾತ್ರೆಯನ್ನು ಅರ್ಧ ಮುರಿದು ಬೆಲ್ಲದಲ್ಲಿಟ್ಟು ಕೊಡುವುದರಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೈಕೊಡಬಹುದು. ನಾಯಿಗಳಿಗೆಂದೇ ಪರೀಕ್ಷಿಸಿದ ನೋವಿನ ಔಷಧಗಳಿವೆ. ರಕ್ತಪರೀಕ್ಷೆ ಮಾಡಿಸಿ ವೈದ್ಯರು ಬರೆದುಕೊಟ್ಟ ಅಂಥ ಮಾತ್ರೆಯನ್ನು 'ನೈಸರ್ಗಿಕ ಚಿಕಿತ್ಸೆ ಶುರುಮಾಡಿದ್ದೇವೆ' ಎಂದು ತಾವಾಗಿಯೇ ನಿಲ್ಲಿಸುವುದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ. ನೋವಿನಲ್ಲಿರುವ ನಾಯಿ ನಡೆಯುವುದಿಲ್ಲ, ನಡೆಯದ ನಾಯಿಯ ತೂಕ ಇಳಿಯುವುದಿಲ್ಲ. ಹೀಗಾಗಿ ಮಾತ್ರೆ ಮತ್ತು ಆಹಾರ ಒಂದಕ್ಕೊಂದು ಪರ್ಯಾಯವಲ್ಲ.

ಈ ಹಿನ್ನೆಲೆಯಲ್ಲಿ ಎರಡು ವಿನಂತಿಗಳಿವೆ. ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯು ತಾಲ್ಲೂಕು ಮಟ್ಟದ ಪಶು ಆಸ್ಪತ್ರೆಗಳಲ್ಲಿ ನಾಯಿಯನ್ನು ನಿಲ್ಲಿಸಿ ತೂಗುವ ತಕ್ಕಡಿಯನ್ನು ಎಲ್ಲರ ಕೈಗೆ ಸಿಗುವಂತೆ ಇಟ್ಟು, ಪಕ್ಕೆಲುಬು ಮುಟ್ಟಿ ನೋಡುವ ಪರೀಕ್ಷೆಯನ್ನೂ ನಾಯಿಗೆ ವಿಷವಾಗುವ ಆಹಾರಗಳ ಹೆಸರುಗಳನ್ನೂ ಚಿತ್ರಸಹಿತ ಕನ್ನಡದಲ್ಲಿ ಗೋಡೆಗೆ ಹಾಕಿದರೆ ಅದಕ್ಕೆ ತಗಲುವ ಖರ್ಚು ಅಲ್ಪ, ಪ್ರಯೋಜನ ದೊಡ್ಡದು. ತಮ್ಮ ಪತ್ರಿಕೆಯಾದರೂ ಸಾಕುಪ್ರಾಣಿಗಳ ಮನೆಮದ್ದಿನ ಲೇಖನಗಳನ್ನು ಅಚ್ಚಿಗೆ ಕಳುಹಿಸುವ ಮುನ್ನ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶುವೈದ್ಯಕೀಯ ಕಾಲೇಜು ಅಥವಾ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ತಜ್ಞರೊಬ್ಬರಿಗೆ ತೋರಿಸುವ ಕ್ರಮವನ್ನು ಇಟ್ಟುಕೊಳ್ಳಬೇಕು, ಸಾಧ್ಯವಾದರೆ ಅವರಿಂದಲೇ ತಿಂಗಳಿಗೊಂದು ಅಂಕಣ ಬರೆಸಬೇಕು ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಮೈಸೂರು