ಹೆರಿಗೆ ರೂಮಲ್ಲಿ ಕಿರುಚದೇ ಇರೋ ಹೆಂಗಸ್ರಿಗೂ ನೋವಿರುತ್ತೆ

ಮಾನ್ಯ ಸಂಪಾದಕರೇ,

ಏಪ್ರಿಲ್ 2 ಆಟಿಸಂ ದಿನ (ಆಟಿಸಂ ಅಂದ್ರೆ ಹುಟ್ಟಿನಿಂದಲೇ ಮೆದುಳು ಬೆಳೆಯೋ ರೀತಿ ಬೇರೆ ಇರೋದು, ಮಾತು, ಬೆರೆಯೋದು ಕಷ್ಟ ಆಗಬಹುದು, ಬೆಳಕು, ಸದ್ದು, ಸ್ಪರ್ಶ ಜಾಸ್ತಿ ತಟ್ಟಬಹುದು) ಬಂದಾಗೆಲ್ಲ ನಿಮ್ಮ ಪೇಪರ್ ಸೇರಿ ಎಲ್ಲ ಕಡೆ ಮಕ್ಕಳ ಬಗ್ಗೆ ಬರೀತಾರೆ, ಥೆರಪಿ, ಸ್ಪೆಷಲ್ ಸ್ಕೂಲು, ಅಪ್ಪ ಅಮ್ಮಂದಿರ ಕಷ್ಟ. ಬರೀಲಿ, ಅದೂ ಬೇಕು. ಆದ್ರೆ ಆ ಮಕ್ಕಳು ದೊಡ್ಡೋರಾಗ್ತಾರೆ, ಅವ್ರಲ್ಲಿ ಹೆಣ್ಮಕ್ಳು ಮದ್ವೆ ಆಗ್ತಾರೆ, ಬಸುರಿ ಆಗ್ತಾರೆ, ಹೆರ್ತಾರೆ ಅನ್ನೋದನ್ನ ಯಾರಾದ್ರೂ ಬರೆದಿದ್ದು ನಾನಂತೂ ಓದಿಲ್ಲ. ಅಂಥವರಲ್ಲಿ ನಾನೂ ಒಬ್ಬಳು. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ನಂಗೆ ಆಟಿಸಂ ಇರೋದು ಗೊತ್ತಾಯ್ತು, ಆಮೇಲೆ ಮದ್ವೆ ಆಯ್ತು, ಈಗ ಮಗಳಿಗೆ ವರ್ಷ ದಾಟಿದೆ.

ಮೊದಲನೇ ಚೆಕಪ್‌ನಲ್ಲೇ ಡಾಕ್ಟ್ರಿಗೆ ವಿಷಯ ಹೇಳ್ದೆ. "ನೋಡಿದ್ರೆ ಹಂಗೇನೂ ಕಾಣಲ್ವಲ್ಲಮ್ಮ, ಚೆನ್ನಾಗೇ ಮಾತಾಡ್ತಿದೀಯಾ" ಅಂದು ಬಿಪಿ ನೋಡೋಕೆ ಶುರು ಮಾಡಿದ್ರು. ಶುಗರ್ ಬರೆದ್ರು, ರಕ್ತದ ಗುಂಪು ಬರೆದ್ರು, ಇದನ್ನ ಮಾತ್ರ ಎಲ್ಲೂ ಬರೀಲಿಲ್ಲ. ಹೆರಿಗೆ ದಿನ ಅಲ್ಲಿದ್ದ ಸಿಸ್ಟರ್‌ಗಳಿಗೆ ನನ್ನ ವಿಷಯ ಗೊತ್ತಾಗೋಕೆ ದಾರಿನೇ ಇರ್ಲಿಲ್ಲ, ಹಂಗಾಗಿ ಅವ್ರನ್ನ ನಾನು ಪೂರ್ತಿ ದೂರಲ್ಲ.

ನಂಗೆ ನೋವು ಜಾಸ್ತಿ ಆದಷ್ಟೂ ಬಾಯಿ ಕಟ್ಟುತ್ತೆ. ಪಕ್ಕದ ಬೆಡ್ಡಲ್ಲಿದ್ದ ಹುಡುಗಿ ಅಮ್ಮಾ ಅಮ್ಮಾ ಅಂತ ಕೂಗ್ತಿದ್ಲು, ಎಲ್ರೂ ಅವಳ ಹತ್ರನೇ ಇದ್ರು, ನಾನು ಗೋಡೆ ಕಡೆ ತಿರುಗಿ ಬೆಡ್ಡಿನ ಕಬ್ಬಿಣದ ಸರಳು ಹಿಡ್ಕೊಂಡು ಮಲಗಿದ್ದೆ, ಮೇಲೆ ಟ್ಯೂಬ್‌ಲೈಟ್ ಮಿಣಿಮಿಣಿ ಅಂತಿತ್ತು, ಫಿನಾಯಿಲ್ ವಾಸನೆ, ಸ್ಟೀಲ್ ಟ್ರೇ ಇಟ್ಟಾಗೆಲ್ಲ ಆ ಸದ್ದು ಹಲ್ಲೊಳಗೆ ಹೊಕ್ಕಂಗೆ ಆಗ್ತಿತ್ತು. "ಇವಳಿಗಿನ್ನೂ ನೋವೇ ಬಂದಿಲ್ಲ, ನೋವು ಬಂದೋರು ಹಿಂಗೆ ತಣ್ಣಗೆ ಮಲಗಿರ್ತಾರಾ" ಅಂತ ಒಬ್ರು ಅಂದಿದ್ದು ಕೇಳಿಸ್ತು, ಇಲ್ಲ ಬಂದಿದೆ ಅನ್ನೋಕೆ ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ. ಆಮೇಲೆ ಇನ್ನೊಬ್ರು ಬಂದು ಒಂದು ಮಾತೂ ಹೇಳದೆ ಒಳಗೆ ಚೆಕ್ ಮಾಡಿದ್ರು, ನಾನು ಬೆಚ್ಚಿಬಿದ್ದು ಕಾಲು ಎಳ್ಕೊಂಡಿದ್ದಕ್ಕೆ ತೊಡೆಗೆ ಒಂದೇಟು ಬಿತ್ತು. ಗರ್ಭದ ಬಾಯಿ ಫುಲ್ ಓಪನ್ ಆಗಿತ್ತು. ಆಗ ಶುರುವಾಯ್ತು ಎಲ್ರ ಓಡಾಟ, ಕೂಗಾಟ.

ಅಮ್ಮ ಇಷ್ಟೂ ಹೊತ್ತು ಬಾಗಿಲಾಚೆ ನಿಂತಿದ್ರು. ಅವ್ರು ಒಳಗಿದ್ದಿದ್ರೆ ನನ್ನ ಮುಖ ನೋಡೇ ಹೇಳ್ತಿದ್ರು. ಹೆರಿಗೆ ಟೈಮಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳಿಗೆ 2016ರಲ್ಲೇ ಹೇಳಿದೆ, ಹೆರಿಗೆ ಕೋಣೆ ಸುಧಾರಿಸೋಕೆ ಅಂತ ತಂದ 2017ರ ಲಕ್ಷ್ಯ ಕಾರ್ಯಕ್ರಮದಲ್ಲೂ ಅದೇ ಇದೆ. ಅದೇ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಲಿ 21 ಅಂಗವಿಕಲತೆಗಳ ಪಟ್ಟಿಲಿ ಆಟಿಸಂ ಸೇರಿದೆ, ಆಸ್ಪತ್ರೆಲಿ ಇಂಥವರನ್ನ ಮೊದಲು ನೋಡ್ಬೇಕು ಅಂತಾನೂ ಇದೆ. ನಾನಿದ್ದ ಕಡೆ ಕೇಳಿದ್ರೆ "ಇಲ್ಲಿ ರೂಲ್ಸ್ ಹಂಗಿಲ್ಲಮ್ಮ" ಅಂದ್ರು ಅಷ್ಟೇ.

ಬಾಣಂತನದ್ದು ಇನ್ನೊಂದು ಕಥೆ, ಇದ್ರಲ್ಲಿ ನಂಗೆ ಒಳ್ಳೇದೂ ಆಗಿದೆ. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ, ಅರೆಗತ್ತಲೆ ಕೋಣೆ, ದಿನಾ ಅದೇ ಟೈಮಿಗೆ ಅದೇ ಮೆಣಸಿನ ಸಾರು ಅನ್ನ, ಇದೆಲ್ಲ ನಮ್ಮಂಥವರಿಗೇ ಅಂತ ಮಾಡಿದ್ದಾರೇನೋ ಅನ್ನಿಸ್ತು. ಆದ್ರೆ ಬೇರೆಯೋರು ಎಣ್ಣೆ ತಿಕ್ಕೋದು, ಕೊತಕೊತ ನೀರು ಹುಯ್ಯೋದು, ಸಾಂಬ್ರಾಣಿ ಹೊಗೆ, ಇವು ತಡೆಯೋಕೆ ಆಗ್ತಿರ್ಲಿಲ್ಲ. ಅಮ್ಮ ಎರಡು ದಿನ ನೋಡಿ ಹೊಗೆ ನಿಲ್ಸಿದ್ರು, ನೀರು ಹುಯ್ಯೋಕೆ ಮುಂಚೆ "ಈಗ ಬೆನ್ನಿಗೆ ಹುಯ್ತೀನಿ ಕಣೆ" ಅಂತ ಹೇಳೋಕೆ ಶುರು ಮಾಡಿದ್ರು. ಅಷ್ಟೇ ಸಾಕಾಯ್ತು ನಂಗೆ. ನೋಡೋಕೆ ಬಂದೋರದ್ದೇ ಕಷ್ಟ, ಮಗು ಅತ್ರೆ ನಾನು ಲಾಲಿ ಹಾಡದೆ, ಯಾವಾಗ ಹಾಲು ಕುಡೀತು ಯಾವಾಗ ಮಲಗ್ತು ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದು ನೋಡ್ತಿದ್ದೆ, ಅದಕ್ಕೆ "ತಾಯಿಗೆ ಮಗು ಮೇಲೆ ಪ್ರೀತಿನೇ ಇಲ್ವಾ" ಅಂತ ನನ್ನೆದುರಿಗೇ ಕೇಳಿದ್ರು. ಮಗು ಬಾಯಿ ಹಾಕಿದಾಗೆಲ್ಲ ಮೈಯೆಲ್ಲ ಮುಳ್ಳೇಳ್ತಿತ್ತು, ಆದ್ರೂ ಒಂದು ಹೊತ್ತೂ ಹಾಲು ತಪ್ಪಿಸಿಲ್ಲ ನಾನು. ಆ ನೋಟ್‌ಬುಕ್ ನೋಡೇ ಮಗು ಸರಿಯಾಗಿ ಹಾಲು ಕುಡೀತಿಲ್ಲ ಅಂತ ನಂಗೆ ಬೇಗ ಗೊತ್ತಾಗಿದ್ದು.

ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದೋರು 2020ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಆಟಿಸಂ ಇರೋ ತಾಯಂದ್ರಲ್ಲಿ ಬಸುರಲ್ಲೂ ಬಾಣಂತನದಲ್ಲೂ ಡಿಪ್ರೆಷನ್ ಜಾಸ್ತಿ, ಡಾಕ್ಟ್ರು ನರ್ಸುಗಳು ನಮ್ಮನ್ನ ತಪ್ಪು ತಿಳ್ಕೊಂಡ್ರು ಅನ್ನೋರೂ ಜಾಸ್ತಿ, ಇಷ್ಟಿದ್ರೂ ಮಕ್ಕಳ ಅಗತ್ಯನ ಇವ್ರು ತಮಗಿಂತ ಮುಂದೆ ಇಡ್ತಾರೆ ಅಂತ ಅದ್ರಲ್ಲಿದೆ. ಓದಿ ಅತ್ತುಬಿಟ್ಟೆ ನಾನು.

ಆರೋಗ್ಯ ಇಲಾಖೆಯೋರು ಈ ಪತ್ರ ನೋಡಿದ್ರೆ ನನ್ನದು ಒಂದೇ ವಿನಂತಿ, ತಾಯಿ ಕಾರ್ಡಲ್ಲಿ ಒಂದು ಸಾಲು ಜಾಗ ಕೊಡಿ. ಮುಟ್ಟೋ ಮುಂಚೆ ಹೇಳಿ, ಜಾಸ್ತಿ ಬೆಳಕು ಆಗಲ್ಲ, ಸುಮ್ನಿದ್ರೆ ನೋವಿಲ್ಲ ಅಂತಲ್ಲ, ಜೊತೆಗೆ ಇಂಥವರು ಇರ್ಬೇಕು ಅಂತ ಬರೆಯೋಷ್ಟು. ಆಶಾ ಅಕ್ಕಂದಿರು ಮನೆಗೆ ಬಂದಾಗ್ಲೇ ಕೇಳಿ ಬರ್ಕೋಬಹುದು, ದುಡ್ಡೇನೂ ಬೇಕಾಗಲ್ಲ. ಮತ್ತೆ ಇದನ್ನ ಓದ್ತಿರೋ ಯಾರಾದ್ರೂ ಬಾಣಂತಿಗೆ ಮನಸ್ಸು ಕುಸಿದಿದ್ರೆ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರೋಕೆ ಬೇರೆ ವಾರ್ಡೇ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿನೂ ಎತ್ತುತಾರೆ.

ಇತಿ,
ಒಬ್ಬ ತಾಯಿ, ತುಮಕೂರು